ಹುಣಸೆಮರಕ್ಕೆ ಹೇಳಬೇಕಾದ ಮಾತು

ದೊಡ್ಡ ಹೇರಿನ ಟ್ರೇಲರು ಬಂದಾಗ ಮುಂಡರಗಿ ರಸ್ತೆಯ ಮರಗಳು ಕೊಂಬೆ ಮಡಚಿ ದಾರಿ ಬಿಡುವುದು ಹೊಸ ಸಂಗತಿಯೇನಲ್ಲ. ಮುಂದೆ ನಡೆದು ಹೋಗಿ, ಕಾಂಡದ ಮೇಲೆ ಕೈಯಿಟ್ಟು, ಹೇರು ಏನೆಂದು ಮೊದಲೇ ತಿಳಿಸಬೇಕು. ಮರಗಳಿಗೆ ಕಾಗದಪತ್ರ ತೋರಿಸುವ ರೂಢಿ ಇನ್ನೂ ಬಂದಿಲ್ಲ, ಬಾಯಿಮಾತೇ ಸಾಕು. ಆ ಕೆಲಸ ಯಮನೂರಪ್ಪನದು.

ಆ ದಿನ ಹೇರಿಗೆ ಹೊದಿಸಿದ ತಾಡಪತ್ರಿಯ ಕೆಳಗಿದ್ದದ್ದು, ರಸ್ತೆ ಅಗಲ ಮಾಡಲು ಇವೇ ಮರಗಳನ್ನು ಬುಡಸಮೇತ ಕೀಳುವ ಯಂತ್ರ.

"ಗುಡ್ಡದ ಮ್ಯಾಲಿನ ಗಾಳಿಫ್ಯಾನಿನ ರೆಕ್ಕಿ ಅಂತ ಹೇಳು. ಮರಕ್ಕ ಗಾಳಿ ಅಂದ್ರ ಪ್ರೀತಿ," ಎಂದಿದ್ದ ಚಾಲಕ ಹುಸೇನಸಾಬ. ಬೆಳಗಿನಿಂದ ಸಿಕ್ಕ ಬೇವುಗಳೆಲ್ಲ ಅದನ್ನು ನಂಬಿದ್ದವು.

ಮಧ್ಯಾಹ್ನ ಹುಣಸೆಮರ ಬಂತು. ವರ್ಷಗಟ್ಟಲೆ ಇಬ್ಬರೂ ಬುತ್ತಿ ಬಿಚ್ಚಿದ್ದು ಅದರ ನೆರಳಲ್ಲೇ.

"ಇದಕ್ಕ ಸುಳ್ಳು ಹೇಳಾಕ ಆಗಂಗಿಲ್ಲ ಸಾಬ್ರ. ಖರೇನ ಹೇಳತೀನಿ."

"ಹೇಳು. ಅದು ದಾರಿ ಬಿಡಲಿಲ್ಲಂದ್ರ ನಮ್ಮ ಕೆಲಸ ಹೋತು. ನಾಳಿಂದ ಇಬ್ಬರೂ ಅದರ ಬುಡಕ್ಕ ಕುಂತು ಹುಣಸಿಕಾಯಿ ತಿನ್ನೂಣು."

ಯಮನೂರಪ್ಪ ಇಳಿದು ನಡೆದ. ಅವನು ಕೈಯಿಡುವ ಮೊದಲೇ, ಗುರುತು ಹಿಡಿದ ಮರ ಏನೂ ಕೇಳದೆ ಕೊಂಬೆಗಳನ್ನೆಲ್ಲ ಮೇಲೆತ್ತಿತು. ಅವನು ಬಾಯಿ ತೆರೆದ, ಮುಚ್ಚಿದ, ಕೈಬೀಸಿ ಟ್ರೇಲರನ್ನು ಕರೆದ.

"ನೀ ಸುಳ್ಳೇನೂ ಹೇಳಲಿಲ್ಲಲ್ಲ. ಪಾಪ ಹತ್ತಂಗಿಲ್ಲ ಬಿಡು," ಎಂದ ಹುಸೇನಸಾಬ. ಆದರೂ ಗಾಡಿಯನ್ನು ಅಲ್ಲಿ ನಿಲ್ಲಿಸಲಿಲ್ಲ.

ಮುಂದೆ ಬಿಸಿಲಲ್ಲೇ ಬುತ್ತಿ ಬಿಚ್ಚಿದರು. ರೊಟ್ಟಿ ಇಬ್ಬರಿಗೂ ಸೇರಲಿಲ್ಲ. ಯಮನೂರಪ್ಪ ತಿರುಗಿ ನೋಡಿದ. ಹುಣಸೆಮರ ಒಂದು ಕೊಂಬೆಯನ್ನಷ್ಟೇ ಇಳಿಸಿ, ಮಿಕ್ಕವನ್ನು ಇನ್ನೂ ಎತ್ತಿಯೇ ಹಿಡಿದು, ಅವರು ಯಾವಾಗಲೂ ಕೂರುವ ಜಾಗದ ಮೇಲೆ ಮಾತ್ರ ನೆರಳು ಹರಡಿ ಅವರಿಗಾಗಿ ಕಾಯುತ್ತಿತ್ತು.