ಪಳನಿಯಮ್ಮ ಹೊತ್ತು ತಂದ ಸೀರು

ಪಳನಿಯಮ್ಮ ಹೇಳದೆ ಕೇಳದೆ ಬಂದು ಮೂರನೇ ಕ್ಲಾಸಿನ ಬೀರು ತೆರೆದು ನಿಂತಿದ್ದಳು.

ಪಾಠ ಹೇಳುತ್ತಿದ್ದ ನಿವೇತಾಳ ಮಾತು ಅರ್ಧಕ್ಕೇ ನಿಂತಿತು. ಮದುವೆಗೆ ಇನ್ನು ಮೂರೇ ವಾರ. ಅತ್ತೆಯಾಗುವವಳು ತಿರುಪ್ಪೂರಿನಲ್ಲಿ ಬಸ್ಸು ಹತ್ತಿ ಸಿರುಮುಗೈಯ ನೇಕಾರರ ಬೀದಿಯ ಶಾಲೆಗೆ ಬಂದದ್ದು ಸೊಸೆಯ ಮುಖ ನೋಡಲಿಕ್ಕಂತೂ ಅಲ್ಲ.

“ಈ ಕಲರ್ ಪೆನ್ಸಿಲ್ ಯಾರು ತಂದದ್ದು, ಕಣ್ಣು?” ಕಣ್ಣು ಅನ್ನುವುದು ಆ ಕಡೆಯ ಮುದ್ದಿನ ಕರೆ.

“ನಾನೇ, ಅತ್ತೆ.”

“ಚಾರ್ಟು?”

“ಅದೂ ನಾನೇ.”

“ಗೌರ್ಮೆಂಟ್ ಕೊಡಲ್ವಾ?”

“ಪುಸ್ತಕ, ನೋಟು ಕೊಡ್ತಾರೆ. ಮಿಕ್ಕಿದ್ದು ಕೇಳಿದ್ರೆ ಬರೋ ವರ್ಷ ಅಂತಾರೆ. ಹೆತ್ತವರನ್ನ ಕೇಳಿದ್ರೆ ಗೌರ್ಮೆಂಟನ್ನ ಕೇಳು ಅಂತಾರೆ.”

“ನಡುವೆ ನೀನೊಬ್ಬಳು ಸಿಕ್ಕಿದೆ.”

ಪಳನಿಯಮ್ಮನಿಗೆ ಓದುಬರಹ ಇಲ್ಲ. ಮಗ್ಗದ ಮನೆಯವಳು. ಸೊಂಟಕ್ಕೆ ಸಿಕ್ಕಿಸಿದ್ದ ನೂಲು ಎಳೆದಳು.

“ಸೀಮೆಸುಣ್ಣ ವರ್ಷಕ್ಕೆ ಎಷ್ಟು ಡಬ್ಬ?”

ನಿವೇತಾ ಹೇಳಿದಳು. ನೂಲಿಗೆ ಅಷ್ಟು ಗಂಟು ಬಿತ್ತು. ಅಂಟು ವರ್ಷಕ್ಕೆ ಎಷ್ಟು? ಮತ್ತೆ ಗಂಟು. ರಬ್ಬರು, ಸ್ಕೆಚ್ಚು, ಬಣ್ಣದ ಕಾಗದ. ಪ್ರತಿ ಗಂಟನ್ನೂ ಹಲ್ಲಿನಲ್ಲಿ ಕಚ್ಚಿ ಬಿಗಿದಳು. ನೀರು ಕೂಡ ಕುಡಿಯದೆ ಹೊರಟುಹೋದಳು.

ಸಂಜೆ ವಿಷಯ ಕೇಳಿ ತಾಯಿ ಜಾನಕಿಯಮ್ಮ ತಲೆಗೆ ಕೈ ಹಚ್ಚಿಕೊಂಡಳು.

“ಮುಗೀತು. ಸಂಬಳ ಎಲ್ಲಾ ಇಸ್ಕೂಲಿಗೆ ಸುರೀತಾಳೆ ಅಂತ ಗಂಟು ಹಾಕ್ಕೊಂಡು ಹೋಗಿದ್ದಾಳೆ. ನಾಲ್ಕು ಜನರ ಮುಂದೆ ಅದನ್ನೇ ಹಿಡಿದು ಓದ್ತಾಳೆ.”

“ಅವರಿಗೆ ಓದಕ್ಕೆ ಬರಲ್ಲಮ್ಮ.”

“ನಗು. ನಗು. ಸೀಮೆಸುಣ್ಣಾನೇ ಕಟ್ಕೊ.”

ನಿವೇತಾ ದೀನದಯಾಳನ್‌ಗೆ ಫೋನು ಮಾಡಿದಳು. ಪಳನಿಯಮ್ಮನ ಮಗ, ನಾಲ್ಕು ವರ್ಷ ಕಾದು ಎರಡೂ ಮನೆಯವರನ್ನು ಒಪ್ಪಿಸಿ ಪಡೆದ ಗಂಡು ಅವನು.

“ಅಮ್ಮ ಏನೂ ಬಾಯಿ ಬಿಡಲ್ಲ,” ಅಂದ. “ನಿನ್ನ ಸಂಬಳ ಎಷ್ಟು ಅಂತ ಮಾತ್ರ ಕೇಳಿದಳು. ಎರಡು ಸಲ.”

ನಾಲ್ಕು ದಿನ ತಿರುಪ್ಪೂರಿನಿಂದ ಸುದ್ದಿಯೇ ಇಲ್ಲ. ಆ ಮನೆಯವರು ಬೇಡ ಅಂದರೆ? ಅವನನ್ನು ಬಿಡಲು ಮನಸ್ಸಿಲ್ಲ. ಇಪ್ಪತ್ತಾರು ಮಕ್ಕಳನ್ನು ಬರಿಗೈಯಲ್ಲಿ ಕೂರಿಸಲೂ ಮನಸ್ಸಿಲ್ಲ. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಸಾಕು, ಕಿಟಕಿಗೆ ಓಡುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಚೌಡಮ್ಮನ ಗುಡಿಯ ಕಡೆಯಿಂದ ವಾದ್ಯಮೇಳದ ಸದ್ದು ಬಂತು.

ಹೆಂಗಸರು ಸಾಲಾಗಿ ಬರುತ್ತಿದ್ದರು, ತಲೆಯ ಮೇಲೆ ತಟ್ಟೆ ಹೊತ್ತು. ಮುಂದೆ ರೇಷ್ಮೆ ಸೀರೆಯುಟ್ಟ ಪಳನಿಯಮ್ಮ. ತಟ್ಟೆಗಳಲ್ಲಿ ಹಣ್ಣಿಲ್ಲ, ಸೀರೆಯಿಲ್ಲ. ಸೀಮೆಸುಣ್ಣ, ಪೆನ್ಸಿಲ್, ಅಂಟು, ಚಾರ್ಟಿನ ಸುರುಳಿ. ಹಿಂದೆ ಟೆಂಪೋ ತುಂಬ ಇನ್ನೂ ಪೆಟ್ಟಿಗೆಗಳು. ಮದುವೆಗೆ ಉಡುಗೊರೆಯ ತಟ್ಟೆಗಳನ್ನು, ಅಂದರೆ ಸೀರು, ಹೊರುವ ಹಾಗೆ ಶಾಲೆಗೂ ಹೊರುವುದು ಈಚೆಗೆ ಆ ಸೀಮೆಯಲ್ಲಿ ನಡೆದು ಬಂದಿದೆ. ಕಲ್ವಿ ಸೀರು, ವಿದ್ಯೆಯ ಸೀರು ಅನ್ನುತ್ತಾರೆ. ಆ ಬೀದಿಗೆ ಇದೇ ಮೊದಲು.

ಮಗ್ಗಗಳು ನಿಂತವು. ಗೌರ್ಮೆಂಟನ್ನ ಕೇಳು ಅಂದಿದ್ದವರೆಲ್ಲ ಗೇಟಿನ ಹತ್ತಿರ ನಾಚಿ ನಿಂತರು. ಹೆಡ್‌ಮಾಸ್ಟರು ಗುರುಸಾಮಿ ಓಡೋಡಿ ಬಂದು ಕೈ ಮುಗಿದರು.

“ನನಗಲ್ಲ, ಸಾರ್. ಸೀರು ಟೀಚರಮ್ಮನ ಕೈಗೇ ಸೇರಬೇಕು,” ಅಂದಳು ಪಳನಿಯಮ್ಮ.

ಮೇಳದ ಸದ್ದು ಕೇಳಿ ಓಡಿಬಂದ ಜಾನಕಿಯಮ್ಮ ಅಳುತ್ತಿದ್ದಳು. “ಎಂಥ ಮನೆಗೆ ಹೋಗ್ತಿದ್ದೀ, ಮಗಳೇ. ಹಿಡ್ಕೊ.”

ಸೀರು ಕೈಗೆ ತೆಗೆದುಕೊಂಡರೆ ಕೊಟ್ಟವರ ಮಾತು ಒಪ್ಪಿದ ಹಾಗೆ. ಅದು ಆ ಬೀದಿಯ ಮಕ್ಕಳಿಗೂ ಗೊತ್ತು. ನಿವೇತಾ ತುಂಬಿದ ಕಣ್ಣಲ್ಲಿ, ಎಲ್ಲರೂ ನೋಡುತ್ತಿರುವಾಗ, ಎರಡೂ ಕೈ ಚಾಚಿ ಮೊದಲ ತಟ್ಟೆ ತೆಗೆದುಕೊಂಡಳು. ಜನ ಚಪ್ಪಾಳೆ ತಟ್ಟಿದರು.

ಪಳನಿಯಮ್ಮ ಅವಳ ಮುಡಿಗೆ ಹೂ ಮುಡಿಸುತ್ತ ಕಿವಿಯ ಹತ್ತಿರ ಬಾಗಿದಳು.

“ವರ್ಷಕ್ಕಾಗೋದು ಒಟ್ಟಿಗೇ ಇಳಿಸಿದ್ದೀನಿ, ಇನ್ನು ನಿನಗೆ ಖರ್ಚೇ ಇಲ್ಲ, ಬರೋ ತಿಂಗಳಿಂದ ಸಂಬಳ ಬಂದ ದಿನಾನೇ ತಂದು ನನ್ನ ಕೈಲಿ ಕೊಟ್ಟುಬಿಡು, ಕಣ್ಣು.”