ಅಪ್ಪನ ಕರೋಕೆ

ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಮದುವೆ ಮನೆಯೊಂದರಲ್ಲಿ ವಾದ್ಯಗೋಷ್ಠಿಯವರ ಜೊತೆ ಆಕೆ ಹಾಡಿದ್ದ ಒಂದೇ ಒಂದು ಹಾಡು ಅಪ್ಪನ ಕಂಪ್ಯೂಟರಿನಲ್ಲಿತ್ತು; ಮೂಲ ಕ್ಯಾಸೆಟ್ಟು ಬೂಷ್ಟು ಹಿಡಿದು ಎಂದೋ ಕಸಕ್ಕೆ ಹೋಗಿತ್ತು. ಅಜ್ಜಿಯ ದನಿಯನ್ನು ಮಗುವಿಗೆ ಕೇಳಿಸಬೇಕೆಂದು, ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ನಳಿನಿ ತವರಿಗೆ ಬಂದಿದ್ದಳು.

"ಮೊದಲು ನನ್ನದು ಕೇಳು," ಎಂದು ಅಪ್ಪ ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದರು. ಈಚೆಗೆ ಅವರಿಗೆ, ಗಾಯಕರ ದನಿಯಿಲ್ಲದ ಬರೀ ವಾದ್ಯಸಂಗೀತಕ್ಕೆ ತಾವೇ ಹಾಡುವ ಕರೋಕೆ ಹುಚ್ಚು ಹಿಡಿದಿತ್ತು. ಮೈಕಿಗೆ ಕಾಲುಚೀಲ ತೊಡಿಸಿ, ಫ್ಯಾನು ಆರಿಸಿ, ಬೆವರುತ್ತ ಹಾಡಿ ರೆಕಾರ್ಡ್ ಮಾಡುತ್ತಿದ್ದರು.

ಅಮ್ಮನ ಹಾಡನ್ನೇ ಅಪ್ಪ ತಮ್ಮ ಒಡಕು ದನಿಯಲ್ಲಿ ಹಾಡಿದ್ದರು. ನಳಿನಿಯ ಕಣ್ಣು ತುಂಬಿತು.

"ಎರಡನೇ ಚರಣದಲ್ಲಿ ಶ್ರುತಿ ಬಿಟ್ರಿ. ಅಮ್ಮ ಇದ್ದಿದ್ರೆ ಬೈತಿದ್ಲು."

"ಬೈಯ್ಲಿ ಅಂತಲೇ ಹಾಡಿದ್ದು."

"ಅಲ್ಲ, ಇಷ್ಟು ಹಳೇ ಹಾಡಿಗೆ ಕರೋಕೆ ಎಲ್ಲಿ ಸಿಕ್ತಪ್ಪ?"

"ಎಲ್ಲೂ ಸಿಗ್ಲಿಲ್ಲ ಕಣೆ. ನಿಮ್ಮಮ್ಮನ ಹಾಡಿಂದ ದನಿ ತೆಗೆದು, ಆ ಫೈಲ್ ಮೇಲೇ ಸೇವ್ ಮಾಡ್ದೆ. ಎಷ್ಟು ಚೆನ್ನಾಗಿ ಬಂದಿದೆ ನೋಡು, ಅವಳ ದನಿ ಒಂದೆಳೆಯೂ ಉಳಿದಿಲ್ಲ."