ಹತ್ತಿದ ಏಣಿ

ಏಣಿ ಮತ್ತೆ ಯಜಮಾನರ ಕೋಣೆ ಸೇರಿಕೊಂಡಿದ್ದ. ಈ ವಾರದಲ್ಲಿ ಇದು ಮೂರನೆಯ ಸಲ.

ಕೋಚ್ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟ. ಮುಚ್ಚಿದ ಬಾಗಿಲಿನಾಚೆ ಆ ಗೊಗ್ಗರು ದನಿ ಗೋಗರೆಯುತ್ತಿತ್ತು.

"ಇನ್ನೊಂದೇ ಒಂದು ವರ್ಷ ಕೊಡಿ ಸಾರ್. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಬೇಕು? ಬ್ಯಾಸ್ಕೆಟ್‌ಬಾಲ್ ಬಿಟ್ರೆ ಬೇರೇನು ಗೊತ್ತು?"

ಥೂ, ಎನಿಸಿತು ಕೋಚಿಗೆ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಗಂಡಸು. ಅದಕ್ಕೇ ಅವನಿಗೆ ಏಣಿ ಎಂಬ ಹೆಸರು ಬಿದ್ದಿತ್ತು. ಅಂಥವನು ಒಂದು ಜಾಗಕ್ಕಾಗಿ ಹೀಗೆ ಹಲ್ಲು ಗಿಂಜುವುದೇ?

ತಂಡದಲ್ಲಿ ಹನ್ನೆರಡು ಆಟಗಾರರಿಗಷ್ಟೇ ಜಾಗ. ಲೀಗಿನ ನಿಯಮ ಅದು. ಈಗ ಹೊಸಬನೊಬ್ಬ ಬರುತ್ತಿದ್ದ. ಚಿಗರೆಯ ಹಾಗೆ ನೆಗೆಯುತ್ತಾನಂತೆ. "ಹಳಬರಲ್ಲಿ ಒಬ್ಬರು ಹೋಗ್ಲೇಬೇಕಾಗತ್ತೆ," ಎಂದು ಕ್ಲಬ್ಬಿನ ಯಜಮಾನ ಹೇಳಿ ಹತ್ತು ದಿನವಾಗಿತ್ತು. ಹೋಗಬೇಕಾದವನು ಯಾರೆಂದು ಕೋಚಿಗೆ ಆಗಲೇ ಗೊತ್ತಿತ್ತು.

ಅವನು ಕೆಳಗಿಳಿದು ಆಟಗಾರರ ಕೋಣೆಗೆ ಹೋದ. ಹಸಿ ಕಾಲುಚೀಲ, ನೋವಿನೆಣ್ಣೆ, ಹಳಸಿದ ಬೆವರು. ಏಣಿಯ ಬೀರುವಿನ ಮುಂದೆ ಮಂಡಿಗೆ ಕಟ್ಟಿಕೊಂಡಿದ್ದ ಐಸಿನ ಚೀಲ ಬಿದ್ದು ಕರಗಿ ನೆಲವೆಲ್ಲ ರಾಡಿಯಾಗಿತ್ತು. ಕೋಚಿನ ಬೂಟು ಅದರಲ್ಲೇ ಬಿತ್ತು. ನೀರು ಬೆರಳ ಸಂದಿಗೆ ಇಳಿಯಿತು.

"ಇದನ್ನೆಲ್ಲ ಹೊರಗೆ ಎಸೀರಿ," ಎಂದ ಅವನು ಕಸ ಗುಡಿಸುವವಳಿಗೆ.

"ಅವರು ಬಂದ್ಮೇಲೆ..."

"ಅವನು ಬರಲ್ಲ."

ಆಕೆ ಅವನ ಮುಖವನ್ನೊಮ್ಮೆ ನೋಡಿ, ಏಣಿಯ ಹಳೆಯ ಬೂಟುಗಳನ್ನು ಹೊರಗಿಟ್ಟಳು. ಎಸೆಯಲಿಲ್ಲ.

ಹೊರಗಿನ ಓಣಿಯಲ್ಲಿ ಆ ದೊಡ್ಡ ಫೋಟೋ ಇತ್ತು. ಕಪ್ ಗೆದ್ದ ಪಂದ್ಯದ ಕೊನೆಯ ಗಳಿಗೆ. ಏಣಿ ಗಾಳಿಯಲ್ಲಿ, ಚೆಂಡು ಅವನ ಬೆರಳ ತುದಿಯಲ್ಲಿ. ಕೆಳಗೆ ಕೋಚ್, ಎರಡೂ ಕೈ ಮೇಲೆ, ಬಾಯಿ ಕಿವಿಯವರೆಗೆ. ಕ್ಲಬ್ಬಿಗೆ ಯಾರೇ ಬಂದರೂ ಕೋಚ್ ಅವರನ್ನು ಇಲ್ಲಿ ನಿಲ್ಲಿಸುತ್ತಿದ್ದ. "ಚೆಂಡು ಇವನ ಕೈಗೇ ಹೋಗ್ಲಿ ಅಂದಿದ್ದು ನಾನು." ಅದಾದ ಮೇಲೆ ಕ್ಲಬ್ಬಿಗೆ ಕಪ್ಪಿರಲಿ, ಒಂದು ಲೋಟವೂ ಬಂದಿರಲಿಲ್ಲ. ಎಲ್ಲ ಆ ಮಂಡಿಯ ಪ್ರಸಾದ.

ಸಂಜೆ ಯಜಮಾನ ಕರೆಕಳಿಸಿದ. ಪೈಪು ಮಾರಿ ಬೆಳೆದ ಮನುಷ್ಯ. ಮಾತು ಕಡಿಮೆ, ಕೇಳುವುದು ಹೆಚ್ಚು.

"ನಂಗೂ ಬೇಜಾರೇ," ಎಂದ ಯಜಮಾನ. "ಆ ಕಪ್ ತಂದುಕೊಟ್ಟೋರು. ಆದ್ರೆ ಆಮೇಲೆ? ಬಂದವರಿಗೆಲ್ಲ ಅದೇ ಕಥೆ ಹೇಳ್ಕೊಂಡು ಕೂತಿದ್ದಾರೆ."

ಏಣಿಗೂ ಬಹುವಚನ! ಕೋಚಿಗೆ ಮೈಯುರಿಯಿತು. ಏಣಿ ಆ ಕಥೆ ಹೇಳಿದ್ದನ್ನು ಅವನೆಂದೂ ಕೇಳಿರಲಿಲ್ಲ. ಬೆನ್ನ ಹಿಂದೆ ಕೊಚ್ಚಿಕೊಳ್ಳುತ್ತಿರಬೇಕು, ಕಳ್ಳ.

"ಅಂಥೋರನ್ನ ಇಟ್ಕೊಳ್ಳೋದೇ ತಪ್ಪು ಸಾರ್," ಎಂದ. "ಹಳೇ ತುಪ್ಪದ ಕೈ ಮೂಸ್ಕೊಂಡು ಎಷ್ಟು ದಿನ ಬದುಕ್ತಾರೆ? ನೋಡಿದ್ರೆ ವಾಕರಿಕೆ ಬರತ್ತೆ."

"ಹತ್ತಿದ ಏಣೀನ ಒದೀಬಾರ್ದು ಅಂತಾರಲ್ಲ?"

ಕೋಚ್ ನಕ್ಕ. ಯಜಮಾನನೂ ತಮಾಷೆ ಮಾಡುತ್ತಾನೆಂದು ಅವನಿಗೆ ಗೊತ್ತಿರಲಿಲ್ಲ. "ಹತ್ತಿದ್ದಾಯ್ತಲ್ಲ ಸಾರ್. ಮುರುಕಲು ಏಣಿ ಒಲೆಗೇ."

"ಒಂದು ಬೀಳ್ಕೊಡುಗೆ, ನಾಲ್ಕು ಒಳ್ಳೆ ಮಾತು..."

"ಏನೂ ಬೇಡ. ಮೆರವಣಿಗೆ ಮಾಡಿದ್ರೆ ಮತ್ತೆ ಬಂದು ವಕ್ಕರಿಸ್ತಾರೆ. ನಾಳೆ ಬೆಳಿಗ್ಗೆ ಗೇಟಿನೊಳಗೆ ಕಾಲಿಡಬಾರ್ದು, ಅಷ್ಟೇ."

"ಮನೇಲಿ ಹೆಂಡ್ತಿ ಇದ್ದಾರೆ. ಅವರಿಗೆ ಹೇಗೆ ಹೇಳೋದು?"

"ಅದು ಅವರವರ ಕರ್ಮ."

ಯಜಮಾನ ಕಿಟಕಿಯತ್ತ ತಿರುಗಿದ. ಅವನ ಮುಖದಲ್ಲೂ ಅಸಹ್ಯವಿತ್ತು. ತನ್ನ ಮಾತು ನಾಟಿತೆಂದು ಕೋಚಿಗೆ ಸಮಾಧಾನವಾಯಿತು.

"ಹಾಗಾದ್ರೆ ಹೊಸಬನಿಗೆ ಏಣಿ ಜಾಗ ಕೊಡ್ಲಾ ಸಾರ್?"

"ಕೊಡೋಣ. ಏಣಿ ಇನ್ನು ಆಡಲ್ಲ."

ಯಜಮಾನ ಎದ್ದು ಕೈ ಚಾಚಿದ. ಕೋಚ್ ಧಡಕ್ಕನೆ ಎದ್ದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಯಜಮಾನ ಕೈ ಬಿಡಿಸಿಕೊಂಡು, ಅಂಗಿಗೆ ಒರೆಸಿಕೊಂಡು, ಮತ್ತೆ ಚಾಚಿದ.

"ಕೈಯಲ್ಲ. ಕೊರಳಲ್ಲಿರೋ ಆ ಸೀಟಿ ಕೊಡಿ. ನಾಳೆಯಿಂದ ಕೋಚ್ ಏಣಿ."

ಕೋಚ್ ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ಆ ಪೆದ್ದ ಮೂರು ಸಲ ಒಲ್ಲೆ ಅಂದ, ನಿಮ್ಮನ್ನೇ ಉಳಿಸ್ಕೊಳ್ಳಿ ಅಂತ ಕಾಲು ಹಿಡ್ದ," ಎಂದ ಯಜಮಾನ. "ನಾನೂ ಕರಗಿಬಿಟ್ಟಿದ್ದೆ, ಈಗ ನಿಮ್ಮ ಮಾತು ಕೇಳೋತನಕ."